ಸವಳು ನೀರಿನ ಗೌಡಪ್ಪ

ನೀರು ತುಂಬಿಟ್ಟ ಪಾತ್ರೆ ಕಂಡರೆ ಅದಕ್ಕೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೊಂದು ಗುಂಡುಕಲ್ಲು ಹೇರುವುದು ನನ್ನ ಚಾಳಿ. ಬಿಂದಿಗೆಯಾಗಲಿ, ಬಕೆಟ್ ಆಗಲಿ, ಅಕ್ಕಿ ನೆನೆಹಾಕಿದ ಬೋಗುಣಿಯಾಗಲಿ, ಕಲ್ಲಿಲ್ಲದೆ ನನಗೆ ಸಮಾಧಾನವಿಲ್ಲ. ಬೇರೆಯವರ ಮನೆಗೆ ಹೋದಾಗಲೂ ಕೈ ತುರಿಸುತ್ತದೆ. ಮೊನ್ನೆ ಮಗಳು ನೋಡಿ ನೋಡಿ ಸಾಕಾಗಿ ಕೇಳಿದಳು, "ಯವ್ವಾ, ಕಲ್ಲ ಇಡಲಿಲ್ಲಂದ್ರ ನೀರು ಎದ್ದು ಓಡಿ ಹೊಕ್ಕೈತೇನು?"

ನೀರು ಎಲ್ಲಿಗೂ ಓಡುವುದಿಲ್ಲ, ಅದು ನನಗೂ ಗೊತ್ತು. ಆದರೆ ನೀರೊಳಗೆ ಇರುವವರನ್ನು ನಂಬುವ ಹಾಗಿಲ್ಲ. ಆಗ ತೊಟ್ಟಿಲಲ್ಲಿ ಮಲಗಿ ಬೆರಳು ಚೀಪುತ್ತಿದ್ದ ನನ್ನ ಮಗಳಿಗೆ ಈ ಸಂಗತಿ ನೆನಪಿಲ್ಲ. ನಿಮಗಾದರೂ ಹೇಳುತ್ತೇನೆ.

ಮನೆಯಲ್ಲಿ ಮೀನು ಸಾಕಿದ್ದೆವು ಅಂದರೆ ನೀವು ದಂತವೈದ್ಯರ ಕೋಣೆಯಲ್ಲಿ ನೋಡಿದ ಗಾಜಿನ ಪೆಟ್ಟಿಗೆಯನ್ನು ನೆನೆಸಿಕೊಳ್ಳುತ್ತೀರಿ. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಬುಳುಬುಳು ಗುಳ್ಳೆ, ಅದರೊಳಗೆ ಬೆರಳುದ್ದದ ಕೆಂಪು ಮೀನುಗಳು. ದಯವಿಟ್ಟು ಅದನ್ನು ಮರೆತುಬಿಡಿ. ನಮ್ಮ ಮನೆಯಲ್ಲಿದ್ದದ್ದು ಗೋವಾದವರು ಗೋಬ್ರೊ ಎನ್ನುವ ಉಪ್ಪುನೀರಿನ ಮೀನು. ಮಂಗಳೂರು ಕಡೆಯವರು ಮುರು ಮೀನು ಎನ್ನುತ್ತಾರಂತೆ. ಮೈಮೇಲೆ ಸುಟ್ಟ ರೊಟ್ಟಿಯ ಹಾಗೆ ಕಂದು ಕಲೆ, ದಪ್ಪ ತುಟಿ, ಕೆಳದವಡೆ ಮುಂದೆ ಚಾಚಿ ಸದಾ ಯಾರ ಮೇಲೋ ಸಿಟ್ಟಾದ ಮುಖ. ಬಾಯಿ ತೆರೆದರೆ ತನ್ನ ಅರ್ಧದಷ್ಟು ಉದ್ದದ ಮೀನು ಸೀದಾ ಒಳಗೆ. ಅಗಿಯುವ ಶಾಸ್ತ್ರವೇ ಇಲ್ಲ.

ಇಷ್ಟಕ್ಕೂ ನಾವು ಯಾರು? ವಿಜಾಪುರದ ಕಡೆಯವರು, ಲಿಂಗವಂತರು. ನಮ್ಮ ಮನೆತನದಲ್ಲಿ ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಚಿಕ್ಕವಳಿದ್ದಾಗ ನಾನು ಮೀನು ಕಂಡದ್ದು ಶಾಲೆಯ ಪುಸ್ತಕದಲ್ಲಿ ಮಾತ್ರ. ಊರ ಬಾವಿಯಲ್ಲಿ ಒಂದಿದೆ ಎಂದು ಹುಡುಗಿಯರೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದೆವು. ಬೇಸಿಗೆಯಲ್ಲಿ ನೀರು ತಳ ಕಂಡಾಗ ನೋಡಿದರೆ ಅದು ಯಾರೋ ಬೀಳಿಸಿದ ಹಿತ್ತಾಳೆಯ ಸೌಟು. ಅಂಥವಳನ್ನು ಕೈಹಿಡಿದು ಗೋವಾಕ್ಕೆ ಕರೆತಂದವರು ನಮ್ಮವರು. (ಹೆಸರು ಬರೆದರೆ ಈಗ ಯಾರೂ ಏನೂ ಅನ್ನುವುದಿಲ್ಲ, ಆದರೆ ಕೈ ಬರುವುದಿಲ್ಲ.) ಅವರಿಗೆ ವೆರ್ಣಾದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ನನಗೆ ಅಲ್ಲೇ ಇನ್ನೊಂದರಲ್ಲಿ ಗುಳಿಗೆ ಪ್ಯಾಕ್ ಮಾಡುವ ಕೆಲಸ. ಕುಠ್ಠಾಳಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ, ಹಿಂದೆ ಮನೆ ಮಾಲೀಕರ ಒಂದು ತೆಂಗಿನ ಮರ.

ಒಮ್ಮೆ ನಮ್ಮವರನ್ನು ಮ್ಯಾನೇಜರ್ ಸಾಹೇಬರ ಬಂಗಲೆಗೆ ಏನೋ ರಿಪೇರಿಗೆಂದು ಕಳಿಸಿದ್ದರು. ಅಲ್ಲಿ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು ಇಟ್ಟಿದ್ದರಂತೆ. ಅದನ್ನು ನೋಡಿ ಬಂದವರಿಗೆ ಊಟ ಸೇರಲಿಲ್ಲ. "ಸಾಹೇಬರದು ಸಣ್ಣದು. ನಾ ಮಾಡಿದ್ರ ದೊಡ್ಡದ ಮಾಡತೇನಿ" ಎಂದರು. ನಮ್ಮವರ ಸ್ವಭಾವವೇ ಹಾಗೆ, ಯಾವುದಕ್ಕೂ ಒಂದು ಕೈ ಮೇಲೆ. ಆ್ಯಂಗಲ್ ಕಬ್ಬಿಣದ ಚೌಕಟ್ಟು, ದಪ್ಪ ಗಾಜು, ಸಂದಿಗೆ ಸಿಲಿಕಾನ್. ತೊಟ್ಟಿ ಸಿದ್ಧವಾದಾಗ ನಮ್ಮ ಮಂಚಕ್ಕೆ ಜಾಗವಿರಲಿಲ್ಲ. ಮಂಚ ಮಾರಿ ಚಾಪೆ ಹಾಸಿಕೊಂಡೆವು.

ರವಿವಾರ ಬಂತೆಂದರೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ವೆಲ್ಸಾಂವ್ ದಂಡೆಗೆ ಹೋಗಿ ಸಮುದ್ರದ ನೀರು ಹೊತ್ತು ತರುತ್ತಿದ್ದರು. ನನ್ನ ತವರಿನಲ್ಲಿ ಗಂಡಸರು ಸಿಹಿನೀರಿಗಾಗಿ ಮೈಲಿಗಟ್ಟಲೆ ಹೋಗುತ್ತಿದ್ದರು. ಉಪ್ಪುನೀರಿಗಾಗಿ ಹೋದ ಮೊದಲ ಗಂಡಸನ್ನು ನಾನೇ ಕಟ್ಟಿಕೊಂಡಿದ್ದೆ.

ಮೀನುಗಳು ಬಂದದ್ದು ಝುವಾರಿ ಹೊಳೆಯ ಬದುವಿನಿಂದ. ಭತ್ತದ ಗದ್ದೆಗೆ ಉಪ್ಪುನೀರು ನುಗ್ಗದ ಹಾಗೆ ಅಲ್ಲಿ ಮರದ ಬಾಗಿಲು ಕಟ್ಟಿರುತ್ತಾರೆ. ಇಳಿತದ ಹೊತ್ತಿಗೆ ಅದರ ಬಾಯಿಗೆ ಬಲೆ ಕಟ್ಟಿದರೆ ತರತರದ ಮೀನು ಬೀಳುತ್ತವೆ. ಅಲ್ಲಿಂದ ನಮ್ಮವರು ಒಂದಷ್ಟು ಬೆಳ್ಳಿಬಣ್ಣದ ಚಂದದ ಮೀನುಗಳನ್ನೂ, ಅಂಗೈಯಷ್ಟಿದ್ದ ಒಂದು ಗೋಬ್ರೊವನ್ನೂ ಜೀವಂತ ತಂದು ಬಿಟ್ಟರು. ದಿನ ಬೆಳಗಾದರೆ ಒಂದು ಬೆಳ್ಳಿ ಮೀನು ಕಡಿಮೆ. ನಮ್ಮವರು ಮೊದಲು ಬೆಕ್ಕನ್ನು ಬೈದರು. ಆಮೇಲೆ ಪಕ್ಕದ ಮನೆಯವರ ಮೇಲೆ ಗುಮಾನಿ ಪಟ್ಟರು. ನನ್ನ ಮುಖವನ್ನೂ ಒಂದು ಸಲ ಓರೆಗಣ್ಣಿನಿಂದ ನೋಡಿದರೆಂದು ನನ್ನ ಅಂದಾಜು. ತೊಟ್ಟಿಯ ತಳದಲ್ಲಿಟ್ಟ ಒಡೆದ ಗಡಿಗೆಯೊಳಗೆ ಕೂತಿದ್ದ ಗೋಬ್ರೊ ಮಾತ್ರ ದಿನದಿನಕ್ಕೆ ಉಬ್ಬುತ್ತ, ಏನೂ ಅರಿಯದವನ ಹಾಗೆ ಕಣ್ಣು ಹೊರಳಿಸುತ್ತಿತ್ತು. ಕೊನೆಗೆ ತೊಟ್ಟಿಯಲ್ಲಿ ಅದೊಂದೇ ಉಳಿಯಿತು. ಅನುಮಾನಕ್ಕೆ ಬೇರೆ ಯಾರೂ ಉಳಿಯಲಿಲ್ಲ.

ಕರೆಂಟು ಹೋದರೆ ನೀರಿಗೆ ಗಾಳಿ ಊದುವ ಮಷೀನು ನಿಲ್ಲುತ್ತಿತ್ತು. ಆಗ ನಮ್ಮವರು ಸೈಕಲ್ ಪಂಪು ಹಿಡಿದು ತೊಟ್ಟಿಯ ಮುಂದೆ ನಿಂತು ಗಾಳಿ ಹೊಡೆಯುತ್ತಿದ್ದರು. ಬೆವರು ಧಾರಾಕಾರ. ನಾನು ಬಸುರಿ, ಸೆಕೆಯಲ್ಲಿ ಬೇಯುತ್ತ ಪಕ್ಕದಲ್ಲೇ ಕೂತಿರುತ್ತಿದ್ದೆ. ನನಗೊಂದು ಬೀಸಣಿಗೆ ಬೀಸಬೇಕೆಂದು ಆ ಪುಣ್ಯಾತ್ಮನಿಗೆ ಹೊಳೆದದ್ದೇ ಇಲ್ಲ.

ಮಗಳು ಹುಟ್ಟಿ ನನ್ನ ರಜೆ ಮುಗಿಯುವ ಹೊತ್ತಿಗೆ ಅತ್ತೆ ಊರಿಂದ ಬಂದರು. ಅವರು ಕೂಸನ್ನು ನೋಡಿಕೊಂಡರೆ ನನ್ನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಬಿಡಬೇಕು. ಲೆಕ್ಕ ಅಷ್ಟು ಸರಳವಾಗಿತ್ತು. ಆ ಕೆಲಸ ಎಂದರೆ ನನಗೆ ಜೀವ. ನೀಲಿ ಕೋಟು, ತಲೆಗೆ ಟೊಪ್ಪಿಗೆ, ಕಂಪನಿ ಬಸ್ಸಿನ ಕಿಟಕಿ ಪಕ್ಕದ ಜಾಗ. ನಮ್ಮ ಮನೆತನದಲ್ಲಿ ಹಾಗೆ ಬಸ್ಸು ಹತ್ತಿ ದುಡಿಯಲು ಹೋದ ಹೆಣ್ಣುಮಗಳು ನಾನೇ ಮೊದಲು.

ಅತ್ತೆ ಒಳಗೆ ಬಂದು ತೊಟ್ಟಿ ನೋಡಿದರು. ಗೋಬ್ರೊ ಅತ್ತೆಯನ್ನು ನೋಡಿತು. ಆಗಲೇ ಅದು ಮೊಳದುದ್ದ ಬೆಳೆದಿತ್ತು.

"ಏ ತಮ್ಮಾ, ಏನೋ ಇದು?"

"ಮೀನು ಬೇ ಯವ್ವಾ."

"ಮೀನು ಅಂತ ನನಗೂ ಕಾಣತೈತಿ. ಏನ್ ತಿಂತೈತಿ?"

ನಮ್ಮವರು ತಲೆ ಕೆರೆದುಕೊಂಡರು. "ಮೀನು."

ಅತ್ತೆ ಹಣೆಯ ವಿಭೂತಿ ಅಳಿಸುವಂತೆ ಹಣೆ ಹಣೆ ಬಡಿದುಕೊಂಡರು. "ಈ ಮನ್ಯಾಗ ಅದರ ಇರಬೇಕು, ಇಲ್ಲಾ ನಾನರ ಇರಬೇಕು!" ಅಡ್ಡ ಒಂದು ಪರದೆ ಕಟ್ಟಿ ಹೇಗೋ ರಾಜಿ ಮಾಡಿಸಿದೆವು. ಆದರೆ ಈ ಜಾತಿಯ ಮೀನು ಹೊಟ್ಟೆಯೊಳಗಿಂದ 'ದುಮ್ಮ್' ಎಂದು ಸದ್ದು ಮಾಡುತ್ತದೆ ನೋಡಿ. ಅತ್ತೆ ಲಿಂಗಪೂಜೆಗೆ ಕೂತು ಕಣ್ಣು ಮುಚ್ಚುವುದೇ ತಡ, ಪರದೆಯ ಹಿಂದಿನಿಂದ ದುಮ್ಮ್. ಒಂದು ದಿನ ಹಸಿವಿನ ಸಿಟ್ಟಿಗೆ ಬಾಲ ಬೀಸಿ, ಮುಚ್ಚಿದ ಹಲಗೆಯನ್ನೇ ಹಾರಿಸಿ, ಪೂಜೆಯ ತಟ್ಟೆಯ ಮೇಲೆಲ್ಲ ಉಪ್ಪುನೀರು ಚೆಲ್ಲಿತು. ಅವತ್ತಿನಿಂದ ಹಲಗೆಯ ಮೇಲೆ ಕಲ್ಲು ಬಂತು. ನನ್ನ ಚಾಳಿಯ ಮೂಲ ಅದೇ.

ಅಂಥ ಅತ್ತೆಯೇ ಒಂದು ದಿನ ಅದಕ್ಕೆ ಉಣಿಸಿದರು, ಪ್ರೀತಿಯಿಂದೇನೂ ಅಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಅದು ಹಸಿದು ಹಲಗೆಗೆ ಗುದ್ದತೊಡಗಿ, ಮಲಗಿದ್ದ ಕೂಸು ಎದ್ದು ಕಿರುಚಿತಂತೆ. ಕೂಸನ್ನು ಮಲಗಿಸಬೇಕಾದರೆ ಮೀನನ್ನು ಮಲಗಿಸಬೇಕು. ಅತ್ತೆ ಸೆರಗಿನಿಂದ ಮೂಗು ಮುಚ್ಚಿ, ನಾವಿಟ್ಟಿದ್ದ ತಾರ್ಲೆ ಮೀನನ್ನು ಇಕ್ಕಳದಿಂದ ಹಿಡಿದು, ಮುಖ ಆಚೆ ತಿರುಗಿಸಿ ನೀರಿಗೆ ಚಾಚಿದರಂತೆ. ಗುಳುಂ! ಇಕ್ಕಳ ಮಾತ್ರ ಕೈಯಲ್ಲಿ ಉಳಿಯಿತು. ಸಂಜೆ ನಾನು ಬಂದಾಗ ಪರದೆ ಸರಿದಿತ್ತು. ಅತ್ತೆ ತೊಟ್ಟಿಯ ಮುಂದೆ ಕೂತು ಹೇಳಿದರು, "ಉಂಡಮ್ಯಾಗ ನನ್ನ ನೋಡಕೋತ ಕುಂತಿತ್ತು ನೋಡವಾ. ನಮ್ಮೂರ ಗೌಡಪ್ಪ ಹಿಂಗ, ಕಟ್ಟಿ ಮ್ಯಾಲ ತುಟಿ ಇಳಿಬಿಟಗೊಂಡು ಕುಂದರತಿದ್ದ."

ಅಂದಿನಿಂದ ಅದು ಗೌಡಪ್ಪ. ಬಹುವಚನ ಬೇರೆ. "ಗೌಡ್ರು ಇವತ್ತ ಯಾಕೋ ಗಡಿಗಿ ಬಿಟ್ಟು ಹೊರಗ ಬಂದಿಲ್ಲ" ಎಂದು ನನಗೆ ವರದಿ. ನನಗೆ ಜೀವಮಾನದಲ್ಲಿ ಆ ಮರ್ಯಾದೆ ಸಿಕ್ಕಿದ್ದಿಲ್ಲ.

ತಮಾಷೆ ಮಾಡುತ್ತೇನೆ, ಆದರೆ ನನಗೆ ಅರ್ಥವಾಗುತ್ತಿತ್ತು. ಅತ್ತೆಗೆ ಕೊಂಕಣಿ ಬರುತ್ತಿರಲಿಲ್ಲ. ಹಗಲೆಲ್ಲ ಆ ಕೋಣೆಯಲ್ಲಿ ಕನ್ನಡ ಕೇಳಲು ಇದ್ದದ್ದು ತೊಟ್ಟಿಲಲ್ಲಿ ಒಂದು ಜೀವ, ತೊಟ್ಟಿಯಲ್ಲಿ ಒಂದು ಜೀವ. ಕೂಸು ನಿದ್ದೆ ಹೋಗುತ್ತಿತ್ತು. ಗೌಡಪ್ಪನಿಗೆ ಕಣ್ಣು ಮುಚ್ಚಲು ರೆಪ್ಪೆಯೇ ಇಲ್ಲ. ಊರಿನ ಜಗಳ, ಮದುವೆ, ಸತ್ತವರು, ಸಾಯಬೇಕಿದ್ದವರು, ಎಲ್ಲವನ್ನೂ ಅವನು ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡ.

ಆಮೇಲೆ ಅತ್ತೆ ಪೇಟೆಗೂ ಇಳಿದರು. ಮಗ ತರುವ ಮೀನು ತಾಜಾ ಇರುವುದಿಲ್ಲ ಎಂಬುದು ದೂರು. ಕಂಕುಳಲ್ಲಿ ಕೂಸು, ಹಣೆ ತುಂಬ ವಿಭೂತಿ, ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ. ಮೀನು ಮಾರುವ ಫಿಲೋಮೆನಾಳ ಬುಟ್ಟಿಯ ಮುಂದೆ ನಿಂತು ಮೊದಲ ದಿನ ಅರ್ಧ ಪೇಟೆಗೆ ಕೇಳುವಂತೆ, "ನಮಗಲ್ರಿ, ಮೀನಿಗೆ! ಮೀನಿಗೆ!" ಎಂದರು. ಫಿಲೋಮೆನಾ ಸೊಂಟದ ಮೇಲೆ ಕೈಯಿಟ್ಟು, "ನುಸ್ತ್ಯಾಕ್ ನುಸ್ತೆಂ?" ಎಂದಳಂತೆ. ಮೀನಿಗೇ ಮೀನಾ ಅಂತ. ಪೇಟೆಯೆಲ್ಲ ನಕ್ಕಿತು. ಯಾರೂ ನಂಬಲಿಲ್ಲ. ನಂಬಿಸಲು ಅತ್ತೆ ಫಿಲೋಮೆನಾಳನ್ನು ಮನೆಗೇ ಕರೆತಂದು ಗೌಡಪ್ಪನನ್ನು ತೋರಿಸಿದರು. ಆಕೆ ಶಿಲುಬೆಯ ಗುರುತು ಮಾಡಿಕೊಂಡು, ಇದನ್ನು ರೆಷಾದ್ ಮಸಾಲೆಗೆ ಹಾಕಿದರೆ ಎಷ್ಟು ಜನಕ್ಕಾಗುತ್ತದೆ ಎಂದು ಕೈಯಲ್ಲೇ ಅಳೆದು ತೋರಿಸಿದಳು. ಮಾತು ತಿಳಿಯದಿದ್ದರೂ ಅತ್ತೆಗೆ ಕೈ ಅಳತೆ ತಿಳಿಯಿತು. ಆ ದಿನ ಜಗಳ. ಮರುದಿನದಿಂದ ಗೆಳೆತನ.

ಪಕ್ಕದ ಮನೆಯ ಮಾಬೂಬಿ ಬಾಗಲಕೋಟೆಯವಳು, ಅವಳ ಗಂಡ ಟೆಂಪೋ ಓಡಿಸುತ್ತಿದ್ದ. ದಿನಾ ಡಬ್ಬಿ ಹಿಡಿದು ಬರುವ ಅತ್ತೆಯನ್ನು ನೋಡಿ ಅವಳು ಒಂದು ದಿನ ನನ್ನನ್ನು ಮೆಲ್ಲಗೆ ಕರೆದಳು. "ಯಕ್ಕಾ, ಊರು ಬಿಟ್ಟಮ್ಯಾಗ ಎಲ್ಲಾರೂ ತಿಂತಾರ್ರಿ, ಅದರಾಗೇನೈತಿ. ಮಸಾಲಿ ಬೇಕಾದ್ರ ನಮ್ಮನ್ಯಾಗ ಕೇಳ್ರಿ, ನಾಚಬ್ಯಾಡ್ರಿ." ನಾನು ಎಷ್ಟು ಹೇಳಿದರೂ ಅವಳು ಕಣ್ಣು ಮಿಟುಕಿಸುತ್ತಲೇ ಇದ್ದಳು.

ಹೀಗಿರುವಾಗ ಗೌಡಪ್ಪ ಉಣ್ಣುವುದು ಬಿಟ್ಟ.

ಮಳೆಗಾಲ ನಡೆದಿತ್ತು. ಮೈಬಣ್ಣ ಬಿಳಿಚಿಕೊಂಡು, ಗಡಿಗೆಯ ಪಕ್ಕದಲ್ಲಿ ಓರೆಯಾಗಿ ಬಿದ್ದಿರುತ್ತಿದ್ದ. ನಮ್ಮವರು ಬೆರಳು ಅದ್ದಿ ನೀರಿನ ರುಚಿ ನೋಡಿದರು. ಸಪ್ಪೆ. "ಮಳಿ ಬಿದ್ದು ಸಮುದ್ರಾನ ಸಪ್ಪಗ ಆಗೇತಿ" ಎಂದು ಅರಬ್ಬೀ ಸಮುದ್ರದ ಮೇಲೆ ತಪ್ಪು ಹೊರಿಸಿದರು. ಇನ್ನಷ್ಟು ಕ್ಯಾನು ಹೊತ್ತರು. ತಂದು ಹಾಕಿದ ದಿನ ಉಪ್ಪು, ವಾರ ಕಳೆಯುವುದರಲ್ಲಿ ಮತ್ತೆ ಸಪ್ಪೆ. ಮಳೆ ನಿಂತಿತು, ಬಿಸಿಲು ಬಂತು, ಆದರೂ ಸಪ್ಪೆ. ಒಂದು ಸಂಜೆ ನಮ್ಮವರು ತೊಟ್ಟಿಯ ಮುಂದೆ ತಲೆ ಮೇಲೆ ಕೈಹೊತ್ತು ಕೂತಾಗ ಅತ್ತೆ ಸಮಾಧಾನ ಹೇಳಲು ಬಂದರು.

"ನೀ ಏನೂ ಚಿಂತಿ ಮಾಡಬ್ಯಾಡೋ ತಮ್ಮಾ. ನಾ ದಿನಾ ಒಂದು ಕೊಡ ಸವಳು ನೀರು ತೆಗದು ತೆಂಗಿನ ಬುಡಕ್ಕ ಚೆಲ್ಲಿ, ಒಂದು ಕೊಡ ಸಿಹಿನೀರು ಹಾಕಾಕತ್ತೇನಿ. ಇನ್ನ ಸ್ವಲ್ಪ ದಿನದಾಗ ಆರಾಮ ಆಗತೈತಿ."

ನಮ್ಮವರು ತಾಯಿಯ ಮುಖವನ್ನೇ ನೋಡಿದರು.

ನಿಮಗೆ ನಗು ಬರಬಹುದು. ನನಗೆ ಬರಲಿಲ್ಲ, ಏಕೆಂದರೆ ನಾನೂ ಆ ಕಡೆಯವಳೇ. ನಮ್ಮಲ್ಲಿ ಸವಳು ಬಾವಿಯ ಊರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ತಲೆಗೂದಲು ಅಂಟುಕಟ್ಟುತ್ತದೆ, ಹಲ್ಲು ಹಳದಿಯಾಗುತ್ತವೆ. ಬಂದ ಅತಿಥಿಗೆ ಮೊದಲು ಕೊಡುವುದು ಒಂದು ಚರಿಗೆ ಸಿಹಿನೀರು. ಅದಕ್ಕಿಂತ ದೊಡ್ಡ ಉಪಚಾರ ನಮಗೆ ಗೊತ್ತಿಲ್ಲ. ಹುಟ್ಟಿದಾಗಿನಿಂದ ಸವಳು ನೀರಲ್ಲೇ ಮುಳುಗಿರುವ ಒಂದು ಜೀವವನ್ನು ಅತ್ತೆ ದಿನವೂ ಕಣ್ಣೆದುರು ನೋಡುತ್ತಿದ್ದರು. ಅವರಿಗೆ ತಡೆದುಕೊಳ್ಳಲಾಗಿರಲಿಲ್ಲ.

"ಯವ್ವಾ, ಅದಕ್ಕ ಸಿಹಿನೀರು ಅಂದ್ರ ವಿಷ ಬೇ."

"ಸಿಹಿನೀರು ಕುಡದು ಯಾರರ ಸಾಯ್ತಾರೇನೋ?" ಎಂದ ಅತ್ತೆ ಮಗನ ಮುಖ ನೋಡಿದರು. ಗೌಡಪ್ಪನನ್ನು ನೋಡಿದರು. ಆಮೇಲೆ ಗೋಡೆಗೆ ಆನಿಕೊಂಡು ಮೆಲ್ಲಗೆ ಕೂತುಬಿಟ್ಟರು.

ನಮ್ಮವರು ಅವತ್ತೇ ಮಾಬೂಬಿಯ ಗಂಡನ ಟೆಂಪೋದಲ್ಲಿ ಡ್ರಮ್ಮುಗಟ್ಟಲೆ ಸಮುದ್ರದ ನೀರು ತಂದು, ದಿನಕ್ಕಿಷ್ಟರಂತೆ ಬದಲಿಸಿದರು. ಗೌಡಪ್ಪ ಮೆಲ್ಲಗೆ ಚೇತರಿಸಿಕೊಂಡ, ಬಣ್ಣ ಮರಳಿತು. ಚೇತರಿಸಿಕೊಳ್ಳದವರು ಅತ್ತೆ. ಇಕ್ಕಳ ಮುಟ್ಟಲಿಲ್ಲ. ಪರದೆಯನ್ನು ಮತ್ತೆ ಎಳೆದುಬಿಟ್ಟರು. ಕೂಸು ಅತ್ತರೂ ಎತ್ತಿಕೊಳ್ಳದೆ ನನ್ನನ್ನೇ ಕರೆಯತೊಡಗಿದರು. ನಾನು ಕೆಲಸಕ್ಕೆ ಹೋದಾಗ ಮಾಬೂಬಿಯನ್ನು ಕರೆದು ಅವಳ ಕೈಯಿಂದಲೇ ಕೂಸಿಗೆ ಹಾಲು ಕುಡಿಸುತ್ತಿದ್ದರಂತೆ. ಕೊನೆಗೆ ನನ್ನ ಮುಂದೆಯೇ ಮಗನಿಗೆ ಹೇಳಿದರು, "ನನ್ನ ಊರಿಗೆ ಕಳಸು. ಮೀನಿಗೆ ಹಿಂಗ ಮಾಡಿದಾಕಿ ಕೂಸಿಗೆ ಇನ್ನೇನರ ಮಾಡಿದ್ರ? ನನ್ನ ಕೈ ಮ್ಯಾಲ ನನಗ ನಂಬಿಕಿ ಹೋಗೇತಿ."

ನನ್ನ ಮೊದಲ ಯೋಚನೆ ನನ್ನ ಬಸ್ಸು, ನನ್ನ ಕಿಟಕಿ. ಎರಡನೆಯದು ಅತ್ತೆಯ ಕೈ. ಗಂಟುಗಂಟಾದ ಆ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ನಮ್ಮವರು ಬೇಡವೆಂದರು, ನಾನು ಬೇಡವೆಂದೆ. ಅತ್ತೆ ಬಟ್ಟೆಯ ಗಂಟು ಕಟ್ಟಿಟ್ಟರು. ಸೋಮವಾರದ ಬಸ್ಸಿಗೆ ಹೊರಡುವುದೆಂದಾಯಿತು.

ಗೌಡಪ್ಪನಿಗೂ ತೊಟ್ಟಿಯಲ್ಲಿ ಹೊರಳಲು ಜಾಗವಿರಲಿಲ್ಲ. ಮೂತಿ ಒಂದು ಗಾಜಿಗೆ, ಬಾಲ ಇನ್ನೊಂದಕ್ಕೆ. ಅತ್ತೆ ಹೋಗುವ ಮೊದಲು ಅವನನ್ನು ಕಳಿಸಿಬಿಡೋಣ ಎಂದರು ನಮ್ಮವರು. ರವಿವಾರ ಇಳಿಹೊತ್ತಿಗೆ ಡ್ರಮ್ಮಿನಲ್ಲಿ ಗೌಡಪ್ಪ, ಟೆಂಪೋದ ಹಿಂದೆ ನಾವೆಲ್ಲ, ವೆಲ್ಸಾಂವ್ ದಂಡೆಗೆ ಹೊರಟೆವು. ಅತ್ತೆ ಅಲ್ಲಿಯವರೆಗೆ ಸಮುದ್ರವನ್ನು ಹತ್ತಿರದಿಂದ ನೋಡಿದ್ದೇ ಇಲ್ಲ. ಕಣ್ಣು ಹಾಯುವಷ್ಟು ದೂರ ನೋಡಿ, "ಇಷ್ಟೂ ಸವಳನ?" ಎಂದರು. ಹೌದೆಂದೆ. "ಅಯ್ಯ ಶಿವನ" ಎಂದು ಮರಳಿನ ಮೇಲೆಯೇ ನಿಂತರು.

ನಮ್ಮವರು ಸೊಂಟದ ನೀರಿಗೆ ಹೋಗಿ ಅವನನ್ನು ಬಿಟ್ಟರು. ಗೌಡಪ್ಪ ಹೋಗಬೇಕಲ್ಲ? ಒಂದು ಸುತ್ತು ಹಾಕಿದ, ದಂಡೆಯ ಕಡೆಗೇ ತಿರುಗಿದ. ಮೊಣಕಾಲು ನೀರಿಗೆ ಬಂದು, ಬೆನ್ನು ಹೊರಗೆ ಕಾಣುವ ಹಾಗೆ ನಿಂತು, ದಪ್ಪ ತುಟಿ ತೆರೆದು ಮುಚ್ಚಿದ. ಅದು ಅವನ ಊಟದ ಹೊತ್ತು. ನಮ್ಮವರು ನೂಕಿದರೆ ಅವರನ್ನು ಬಳಸಿಕೊಂಡು ಮತ್ತೆ ಬಂದ. ಇನ್ನೊಂದು ತೆರೆ ಬಂದರೆ ಮರಳಿಗೆ ಬೀಳುತ್ತಿದ್ದ.

ಆಗ ಅತ್ತೆ ಸೀರೆ ಎತ್ತಿ ಕಟ್ಟಿ ಸಮುದ್ರಕ್ಕೆ ಇಳಿದರು. ನಾನು "ಅತ್ತಿ! ಅತ್ತಿ!" ಎಂದು ಕೂಗುತ್ತಿದ್ದೇನೆ, ಅವರಿಗೆ ಕಿವಿಯೇ ಇಲ್ಲ. ಇಕ್ಕಳವಿಲ್ಲದೆ, ಸೆರಗಿನ ಅಡ್ಡವಿಲ್ಲದೆ, ಬರಿಗೈಯಲ್ಲಿ ಗೌಡಪ್ಪನ ತಲೆ ಹಿಡಿದು ಆಳದ ಕಡೆ ತಿರುಗಿಸಿದರು.

"ಹೋಗೋ ಭಾಡ್ಯಾ! ಯಾರ ದಾರಿ ನೋಡತಿ? ಇಲ್ಲಿ ಯಾರದಾರ ನಿನಗ? ಹೋಗ, ಹೊಟ್ಟಿ ತುಂಬ ತಿಂದು ಬದುಕ ಹೋಗ!"

ಬೆನ್ನ ಮೇಲೆ ಒಂದು ಏಟನ್ನೂ ಕೊಟ್ಟರು. ಗೌಡಪ್ಪ ಬಾಲ ಬೀಸಿದ. ಅತ್ತೆಯ ಮುಖಕ್ಕೆ ನೀರು ರಾಚಿತು. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಅವನಿರಲಿಲ್ಲ. ತುಟಿಗೆ ಬಿದ್ದ ನೀರನ್ನು ಅತ್ತೆ ನಾಲಿಗೆಯಿಂದ ಮುಟ್ಟಿ ನೋಡಿದರು. "ಥೂ!" ಎಂದು ಉಗುಳಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಅದಕ್ಕ ಇದ ಸಿಹಿ ಇದ್ದೀತು ಬಿಡು" ಎಂದರು.

ಮರುದಿನ ಬೆಳಗ್ಗೆ ನಾನು ಕೋಟು ಹಾಕಿಕೊಳ್ಳಲಿಲ್ಲ. ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು, ಸೂಪರ್‌ವೈಜರಿಗೆ ಏನೆಂದು ಹೇಳಿ ಕಳಿಸಲಿ ಎಂದು ಒಲೆಯ ಮುಂದೆ ನಿಂತಿದ್ದೆ. ಬಾಗಿಲಲ್ಲಿ ಗದ್ದಲ ಕೇಳಿಸಿತು. ಇಷ್ಟು ದಿನ ಅಜ್ಜಿ ಯಾಕೆ ಪೇಟೆಗೆ ಬಂದಿಲ್ಲ ಎಂದು ವಿಚಾರಿಸಲು ಫಿಲೋಮೆನಾ ಬುಟ್ಟಿ ಸಮೇತ ಬಂದಿದ್ದಳು. ಅವಳ ಹಿಂದೆ ಮಾಬೂಬಿ. ಅತ್ತೆ ಹೊಸ್ತಿಲಲ್ಲಿ ನಿಂತು ಅರ್ಧ ಕನ್ನಡ, ಅರ್ಧ ಪೇಟೆಯ ಕೊಂಕಣಿ, ಉಳಿದದ್ದು ಕೈಸನ್ನೆಯಲ್ಲಿ ನಿನ್ನೆಯ ಕಥೆ ಹೇಳುತ್ತಿದ್ದರು. ಮೊಣಕಾಲಿಗಿದ್ದ ನೀರು ಆಗಲೇ ಎದೆಗೆ ಬಂದಿತ್ತು. ಫಿಲೋಮೆನಾ "ಅರೇ ದೇವಾ" ಎಂದಾಗ ಕುತ್ತಿಗೆಗೆ ಏರಿತು.

ಅಷ್ಟರಲ್ಲಿ ಸರ್ಕಲ್ಲಿನಲ್ಲಿ ಕಂಪನಿ ಬಸ್ಸಿನ ಹಾರ್ನು. ಅತ್ತೆ ಕಥೆ ನಿಲ್ಲಿಸಿ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇನ್ನೂ ಯಾಕ ನಿಂತಿ? ಬಸ್ ಹೊಕ್ಕೈತಿ."

"ನೀವು ಊರಿಗೆ ಹೊಂಟ್ರಲ್ಲ ಅತ್ತಿ..."

"ಹೋದ್ರಾತು, ಊರೇನು ಓಡಿ ಹೊಕ್ಕೈತಿ? ಇಲ್ಲಿ ಇಷ್ಟ ಮಂದಿ ಬಂದು ಕೇಳಾಕತ್ತಾರ, ಯಾರು ಹೇಳೋರು?" ಎಂದವರು ಎರಡೂ ಕೈ ಚಾಚಿದರು. "ಕೂಸಿನ್ನ ಇಲ್ಲಿ ಕೊಡು."

ಕೊಟ್ಟೆ. ಆ ಕೈಗಳು ಮಗಳನ್ನು ಬಿಗಿಯಾಗಿ ಹಿಡಿದವು. ಮೊಳೆಗೆ ತೂಗುಹಾಕಿದ್ದ ಕೋಟು ಕಿತ್ತುಕೊಂಡು ನಾನು ಓಡಿದೆ. ಬಸ್ಸಿನಲ್ಲಿ ಕೂತಮೇಲೆ ಅಳು ಬಂತು, ಅದೂ ತಡೆಯಲಾರದಷ್ಟು. ಪಕ್ಕದಲ್ಲಿ ಕೂಡುತ್ತಿದ್ದ ಹುಬ್ಬಳ್ಳಿ ಕಡೆಯ ಹೆಣ್ಣುಮಗಳು ಗಾಬರಿಯಾಗಿ, "ಏನಾತವಾ ತಂಗಿ?" ಎಂದಳು. ಬಿಕ್ಕುತ್ತಲೇ ಹೇಳಿದೆ, "ನಮ್ಮತ್ತಿ ಊರಿಗೆ ಹೋಗಾಂಗಿಲ್ಲಂತ."

ಆಕೆ ನನ್ನ ಬೆನ್ನು ಸವರಿದಳು. "ಸಮಾಧಾನ ಮಾಡಿಕೋ. ನಮ್ಮತ್ತಿ ಹಿಂಗ ಅಂದ ದಿವಸ ನಾನೂ ಹಿಂಗ ಅತ್ತಿದ್ದೆ."